ಎಕ್ಸ್‌ಚೇಂಜ್ ಸೆಮಿಸ್ಟರ್: "ಕ್ರೆಡಿಟ್ ವಿಷಯ ಬಂದ ಮೇಲೆ ನೋಡೋಣ" ಅಂತಾರೆ, ನಂಬಿ ಹೋಗಬಹುದಾ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ವಿವಿಯ ಎಕ್ಸ್‌ಚೇಂಜ್ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಬಹುದು. ಎರಡು ಆಯ್ಕೆ ಕೊಟ್ಟಿದ್ದಾರೆ, ಒಂದು ಜರ್ಮನಿಯಲ್ಲಿ, ಇನ್ನೊಂದು ಡೆನ್ಮಾರ್ಕಿನಲ್ಲಿ. ಈ ತಿಂಗಳ ಕೊನೆಯೊಳಗೆ ಯಾವುದು ಅಂತ ಬರೆದುಕೊಡಬೇಕು.

ಖುಷಿ ತುಂಬಾ ಆಗಿದೆ. ಆದರೆ ವಿಭಾಗದಲ್ಲಿ ಹೋಗಿ ಕೇಳಿದರೆ, "ಮೊದಲು ಹೋಗಿ ಬನ್ನಿ, ಕ್ರೆಡಿಟ್ ವಿಷಯ ಆಮೇಲೆ ನೋಡೋಣ" ಅಂದರು. ಅದನ್ನು ಕೇಳಿದ ಮೇಲೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತೇನೆ. ಗೆಳೆಯರೆಲ್ಲ ಮುಗಿಸಿ ಹೊರಟಿರುತ್ತಾರೆ.

ಇನ್ನೂ ಕೆಲವು ಗೊಂದಲ ಇವೆ. ಅಲ್ಲಿನ ಅಂಕ ಇಲ್ಲಿಗೆ ಹೇಗೆ ಬದಲಾಗುತ್ತದೆ? ಎರಡು ಕಡೆ ಫೀಸ್ ಕಟ್ಟಬೇಕಾ? ನಾನು ಜಾಸ್ತಿ ಮಾತಾಡುವವನಲ್ಲ, ಅಲ್ಲಿ ಒಬ್ಬನೇ ಆಗಿಬಿಡುತ್ತೇನಾ? ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಪುಟತಿರುವು

ಅಭಿನಂದನೆಗಳು! ನೇರವಾಗಿ ಹೇಳುತ್ತೇನೆ. "ಆಮೇಲೆ ನೋಡೋಣ" ಅನ್ನುವ ಮಾತಿನ ಮೇಲೆ ವಿಮಾನ ಹತ್ತಬೇಡಿ. ಹೋಗುವುದನ್ನು ಬಿಡಿ ಅಂತಲ್ಲ. ಆ ಮಾತನ್ನು ಕಾಗದದ ಮೇಲೆ ಬರೆಸಿಕೊಂಡು ಹೋಗಿ.

ಆ ಕಾಗದವನ್ನು ಲರ್ನಿಂಗ್ ಅಗ್ರಿಮೆಂಟ್ ಅಂತಾರೆ. ಒಂದು ಕಡೆ ನೀವು ಅಲ್ಲಿ ಓದುವ ಕೋರ್ಸ್‌ಗಳ ಹೆಸರು, ಕೋಡ್, ಕ್ರೆಡಿಟ್ ಇರುತ್ತದೆ. ಇನ್ನೊಂದು ಕಡೆ, ಅದಕ್ಕೆ ಬದಲಾಗಿ ನಿಮ್ಮ ಪದವಿಯಲ್ಲಿ ಯಾವ ವಿಷಯ ಮುಗಿದ ಹಾಗೆ ಅಂತ ಇರುತ್ತದೆ. ಕೆಳಗೆ ಮೂರು ಸಹಿ ಬೀಳಬೇಕು: ನಿಮ್ಮದು, ನಿಮ್ಮ ವಿಭಾಗದ್ದು, ಅಲ್ಲಿನ ವಿವಿಯದ್ದು. ಮೂರೂ ಬಿದ್ದ ಮೇಲೆ ಅದು ಒಪ್ಪಂದ. ಅಲ್ಲಿಯವರೆಗೆ ಬರೀ ಮಾತು.

ಈ ಕಾಗದದ ಹಿಂದೆ ಒಬ್ಬ ಮಹಿಳೆಯ ಹಟ ಇದೆ. ಇಟಲಿಯ ಸೋಫಿಯಾ ಕೊರ್ರಾಡಿ 1950ರ ದಶಕದ ಕೊನೆಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ, ಕೊಲಂಬಿಯಾ ವಿವಿಯಲ್ಲಿ ಕಾನೂನಿನಲ್ಲಿ ಮಾಸ್ಟರ್ಸ್ ಮಾಡಿ ಬಂದರು. ರೋಮ್‌ನಲ್ಲಿ ಅವರ ವಿವಿ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ನೋವನ್ನು ಅವರು ಸುಮ್ನೆ ನುಂಗಿಕೊಳ್ಳಲಿಲ್ಲ. ಹೊರದೇಶದಲ್ಲಿ ಓದಿದ್ದಕ್ಕೆ ಊರಿನ ವಿವಿ ಮಾನ್ಯತೆ ಕೊಡಲೇಬೇಕು ಅಂತ ವರ್ಷಗಟ್ಟಲೆ ಬೆನ್ನುಹತ್ತಿದರು. 1987ರಲ್ಲಿ, ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಓದಲು ಕಳಿಸುವ ಯುರೋಪಿನ ಎರಾಸ್ಮಸ್ ಯೋಜನೆ ಶುರುವಾಯಿತು. ಮೊದಲ ವರ್ಷ 11 ದೇಶಗಳಿಂದ 3,244 ವಿದ್ಯಾರ್ಥಿಗಳು ಹೋದರು. ಜನ ಕೊರ್ರಾಡಿಯವರನ್ನು ಎರಾಸ್ಮಸ್‌ನ ಅಮ್ಮ ಅಂತಲೇ ಕರೆದರು.

ಅಂದರೆ ನಿಮ್ಮ ಭಯ ಹೊಸದಲ್ಲ. ಅದಕ್ಕೆ ದಾರಿ ಕೂಡ ಆಗಲೇ ಇದೆ. ನೀವು ಅದನ್ನು ಕೇಳಿ ಪಡೆದುಕೊಳ್ಳಬೇಕು ಅಷ್ಟೇ.

ಮೂರನೇಮಹಡಿ

ಪುಟತಿರುವು ಹೇಳಿದ್ದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ನಾನು ಹೋಗುವಾಗ ಇದ್ದ ವಿಭಾಗದ ಮುಖ್ಯಸ್ಥರು ತುಂಬಾ ಒಳ್ಳೆಯವರು. ಎಲ್ಲ ಕೋರ್ಸಿಗೂ ಒಪ್ಪಿ ಸಹಿ ಹಾಕಿದ್ದರು. ವಾಪಸ್ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು. ಅವರು ನನ್ನ ಅಂಕಪಟ್ಟಿ ನೋಡಿ, "ಈ ಕೋರ್ಸ್ ನಮ್ಮ ಸಿಲೆಬಸ್‌ಗೆ ಹೊಂದುವುದಿಲ್ಲ" ಅಂದುಬಿಟ್ಟರು.

ನಾನು ಸಹಿ ಇದ್ದ ಹಾಳೆ ಮುಂದಿಟ್ಟೆ. ಅವರು ಸಹಿ ನೋಡಿದರು, ತಾರೀಖು ನೋಡಿದರು, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. ಆಮೇಲೆ ಕಚೇರಿಯವರನ್ನು ಕರೆದು "ಇದನ್ನು ಎಂಟ್ರಿ ಮಾಡಿ" ಅಂದರು. ಅಷ್ಟೇ. ಆ ಹಾಳೆ ಇಲ್ಲದಿದ್ದರೆ ಆ ಕೋಣೆಯಲ್ಲಿ ನನ್ನ ಮಾತು ನಡೆಯುತ್ತಿರಲಿಲ್ಲ.

ಹಾಗಾಗಿ ಅಲ್ಲಿನ ಪ್ರತಿ ಕೋರ್ಸಿನ ಪೂರ್ತಿ ಸಿಲೆಬಸ್ ಕೂಡ ಇಳಿಸಿಕೊಂಡು ಇಟ್ಟುಕೊಳ್ಳಿ. ಒಂದು ಸಾಲಿನ ವಿವರಣೆ ಸಾಲದು. ವಾರವಾರದ ಪಾಠ, ಓದಬೇಕಾದ ಪುಸ್ತಕ, ಪರೀಕ್ಷೆಯ ರೀತಿ ಎಲ್ಲ ಇರುವ ಪುಟ ಬೇಕು. ಮುಂದಿನ ವರ್ಷ ಆ ಪುಟ ಬದಲಾಗಿಬಿಡುತ್ತದೆ, ಆಗ ಹುಡುಕಿದರೆ ಸಿಗುವುದಿಲ್ಲ.

ಹೊಸಹಾದಿ

ನನ್ನದೊಂದು ಸಣ್ಣ ಪ್ರಶ್ನೆ. ಎರಾಸ್ಮಸ್ ಮುಂಡಸ್ ಅಂತ ಇನ್ನೊಂದು ಕೇಳಿದ್ದೇನೆ. ಅದೂ ಇದೂ ಒಂದೇನಾ?

ಕಡತಮಿತ್ರ

ಬೇರೆ ಬೇರೆ. ಎರಾಸ್ಮಸ್ ಮುಂಡಸ್‌ನಲ್ಲಿ ಪೂರ್ತಿ ಮಾಸ್ಟರ್ಸ್ ಮಾಡುತ್ತೀರಿ, ಕೆಲವು ವಿವಿಗಳು ಸೇರಿ ನಡೆಸುವ ಕೋರ್ಸ್ ಅದು, ಪದವಿಯನ್ನೂ ಅವರೇ ಕೊಡುತ್ತಾರೆ. ಎಕ್ಸ್‌ಚೇಂಜ್‌ನಲ್ಲಿ ಪದವಿ ನಿಮ್ಮ ವಿವಿಯದ್ದೇ. ಒಂದೋ ಎರಡೋ ಸೆಮಿಸ್ಟರ್ ಬೇರೆ ಕಡೆ ಓದಿ ಬರುತ್ತೀರಿ.

ನಾನು ಒಂದು ವಿವಿಯ ಅಂತಾರಾಷ್ಟ್ರೀಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಫೀಸ್ ವಿಷಯ ಹೇಳುತ್ತೇನೆ, ಇದನ್ನು ಕೇಳದ ವಿದ್ಯಾರ್ಥಿಯೇ ಇಲ್ಲ.

ಎರಡು ವಿವಿಗಳ ನಡುವೆ ಒಪ್ಪಂದ ಇರುತ್ತದೆ: ನಿಮ್ಮವರು ಇಷ್ಟು ಜನ ಬನ್ನಿ, ನಮ್ಮವರು ಇಷ್ಟು ಜನ ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ವಿವಿಗೇ ಫೀಸ್ ಕಟ್ಟುತ್ತಾರೆ, ಹೋದ ಕಡೆ ಬೋಧನಾ ಶುಲ್ಕ ಇಲ್ಲ. ಸೀಟು ಕಡಿಮೆ ಇರುವುದಕ್ಕೂ ಇದೇ ಕಾರಣ. ಅಲ್ಲಿಂದ ಬರುವವರು ಕಡಿಮೆಯಾದರೆ ಇಲ್ಲಿಂದ ಕಳಿಸುವ ಸೀಟೂ ಕಡಿಮೆಯಾಗುತ್ತದೆ. ನಿಮ್ಮ ಅಂಕ ಎಷ್ಟೇ ಚೆನ್ನಾಗಿದ್ದರೂ ಕೆಲವು ಸಲ ಸೀಟೇ ಇಲ್ಲದಿರುವುದು ಇದಕ್ಕೆ.

ಬೋಧನಾ ಶುಲ್ಕ ಇಲ್ಲ ಅಂದಮಾತ್ರಕ್ಕೆ ಏನೂ ಕಟ್ಟಬೇಕಿಲ್ಲ ಅಂತ ತಿಳಿಯಬೇಡಿ. ಅಲ್ಲಿನ ವಿದ್ಯಾರ್ಥಿಗಳೂ ಕಟ್ಟುವ ಸಣ್ಣಪುಟ್ಟದ್ದು ಇರುತ್ತದೆ: ವಿಮೆ, ವಿದ್ಯಾರ್ಥಿ ಸಂಘ, ಲ್ಯಾಬ್ ಸಾಮಾನು. ಜರ್ಮನಿಯಲ್ಲಿ ಸೆಮಿಸ್ಟರ್ ಶುಲ್ಕ ಅಂತ ಒಂದಿದೆ, ಬಹಳ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸೂ ಸೇರಿರುತ್ತದೆ.

ಒಪ್ಪಂದ ಇಲ್ಲದ ವಿವಿಗೆ ನೀವೇ ಅರ್ಜಿ ಹಾಕಿ ಒಂದು ಸೆಮಿಸ್ಟರ್ ಹೋಗಬಹುದು. ಅಂಥವರನ್ನು ಫ್ರೀ ಮೂವರ್ ಅಂತಾರೆ. ಆಗ ಅಲ್ಲಿನ ಪೂರ್ತಿ ಫೀಸ್ ನಿಮ್ಮ ಮೇಲೇ ಬೀಳಬಹುದು. ನೀಲಿಶಾಯಿ, ನಿಮ್ಮದು ನಾಮಿನೇಷನ್, ಅಂದರೆ ನಿಮ್ಮ ವಿವಿಯೇ ಹೆಸರು ಕಳಿಸುವುದು, ಆಗಿರುವುದರಿಂದ ಆ ಚಿಂತೆ ಇಲ್ಲ.

ಅಂಕಗಣಿತ

ಅಂಕದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರಲ್ಲಿ ಅನ್ಯಾಯ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಡೆನ್ಮಾರ್ಕಿನ ವಿವಿಗಳಲ್ಲಿ 2007ರಿಂದ ಏಳು ಮೆಟ್ಟಿಲಿನ ಅಂಕ ಇದೆ. 12, 10, 7, 4, 02, 00, ಕೊನೆಗೆ ಮೈನಸ್ 3. ನಡುವಿನ 11, 9, 8 ಇಲ್ಲವೇ ಇಲ್ಲ. 02 ಬಂದರೆ ಪಾಸು. ಎರಡರ ಹಿಂದೆ ಸೊನ್ನೆ ಯಾಕೆ ಗೊತ್ತಾ? ಬರೀ 2 ಬರೆದರೆ ಪಕ್ಕದಲ್ಲಿ ಒಂದು ಗೀಟು ಎಳೆದು 12 ಮಾಡಬಹುದು.

ಈಗ ಒಬ್ಬ ವಿದ್ಯಾರ್ಥಿಗೆ 7 ಬಂತು ಅಂದುಕೊಳ್ಳಿ. ಇಲ್ಲಿ ಕಚೇರಿಯಲ್ಲಿ ಕ್ಯಾಲ್ಕುಲೇಟರ್ ಹಿಡಿದು 7 ಭಾಗಿಸು 12, ಅಂದರೆ ಶೇಕಡಾ 58 ಅಂತ ಬರೆದುಬಿಟ್ಟರೆ ಮುಗಿಯಿತು. ಆದರೆ ಆ ಪದ್ಧತಿಯಲ್ಲಿ ಪಾಸಾದವರು ಹೇಗೆ ಹಂಚಿರಬೇಕು ಅಂತ ಅಂದಾಜು ಇದೆ: ಶೇಕಡಾ 10 ಜನಕ್ಕೆ 12, ಶೇಕಡಾ 25ಕ್ಕೆ 10, ಶೇಕಡಾ 30ಕ್ಕೆ 7, ಶೇಕಡಾ 25ಕ್ಕೆ 4, ಉಳಿದ ಶೇಕಡಾ 10ಕ್ಕೆ 02. ಅಂದರೆ 7 ತೆಗೆದವನು ತರಗತಿಯ ಸರಿಯಾಗಿ ನಡುವೆ ಇದ್ದಾನೆ. 10 ತೆಗೆದವಳು ಮೇಲಿನ ಮೂರನೇ ಒಂದು ಭಾಗದಲ್ಲಿದ್ದಾಳೆ. ಆ ಭಾಗಾಕಾರದಲ್ಲಿ ಇದೆಲ್ಲ ಮುಳುಗಿಹೋಗುತ್ತದೆ.

ಫ್ರಾನ್ಸ್‌ನಲ್ಲೂ ಹೀಗೇ. 20ಕ್ಕೆ ಅಂಕ. 10 ಬಂದರೆ ಪಾಸು, 14ಕ್ಕೆ "ಚೆನ್ನಾಗಿದೆ" ಅನ್ನುವ ದರ್ಜೆ, 16ಕ್ಕೆ "ತುಂಬಾ ಚೆನ್ನಾಗಿದೆ". 20 ಕಾಣುವುದೇ ಅಪರೂಪ. 16ನ್ನು ಶೇಕಡಾ 80 ಅಂತ ಬರೆದರೆ ಆ ಹುಡುಗಿಯ ದುಡಿಮೆಗೆ ಬೆಲೆ ಎಲ್ಲಿ ಬಂತು?

ಜರ್ಮನಿಯಲ್ಲಿ ತಿರುಗಾಮುರುಗಾ. 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಗೆರೆ, 5.0 ಫೇಲು. ಹೊರಗಿನ ಅಂಕವನ್ನು ತಮ್ಮದಕ್ಕೆ ಬದಲಿಸಲು ಅವರು ಬವೇರಿಯನ್ ಸೂತ್ರ ಅಂತ ಬಳಸುತ್ತಾರೆ. ನಿಮ್ಮ ಪದ್ಧತಿಯ ಗರಿಷ್ಠ ಅಂಕದಿಂದ ನಿಮಗೆ ಬಂದಿದ್ದನ್ನು ಕಳೆಯಿರಿ. ಗರಿಷ್ಠದಿಂದ ಪಾಸಿನ ಅಂಕ ಕಳೆದರೆ ಬರುವ ಸಂಖ್ಯೆಯಿಂದ ಅದನ್ನು ಭಾಗಿಸಿ. ಮೂರರಿಂದ ಗುಣಿಸಿ ಒಂದು ಕೂಡಿಸಿ. ಉದಾಹರಣೆಗೆ 100ಕ್ಕೆ 40 ಪಾಸು, ನಿಮಗೆ 80 ಬಂದಿದೆ ಅಂದರೆ 20 ಭಾಗಿಸು 60, ಗುಣಿಸು 3, ಕೂಡಿಸು 1, ಒಟ್ಟು 2.0. ಕನಿಷ್ಠ ಪಕ್ಷ ಇದರಲ್ಲಿ ಪಾಸಿನ ಗೆರೆ ಎಲ್ಲಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಯುರೋಪಿನ ಕ್ರೆಡಿಟ್ ಪದ್ಧತಿಯ 2015ರ ಕೈಪಿಡಿ ಹೇಳುವುದೂ ಇದನ್ನೇ: ಬರೀ ಅಂಕ ಕಳಿಸಬೇಡಿ, ಆ ವಿಭಾಗದಲ್ಲಿ ಎಷ್ಟು ಜನಕ್ಕೆ ಯಾವ ಅಂಕ ಬರುತ್ತದೆ ಅನ್ನುವ ಪಟ್ಟಿಯನ್ನೂ ಕಳಿಸಿ. ನೀವು ಅಲ್ಲಿಂದ ಹೊರಡುವ ಮುಂಚೆ ಆ ಪಟ್ಟಿ ಕೇಳಿ ತೆಗೆದುಕೊಳ್ಳಿ. ಇನ್ನೂ ಒಳ್ಳೆಯದು, ಪರಿವರ್ತನೆ ಯಾವ ಸೂತ್ರದಲ್ಲಿ ಅಂತ ಹೋಗುವ ಮೊದಲೇ ಕೇಳುವುದು. ಕೆಲವು ವಿವಿಗಳು ಅಂಕ ಸೇರಿಸುವುದೇ ಇಲ್ಲ, ಬರೀ ಪಾಸು ಅಂತ ಬರೆದು ಕ್ರೆಡಿಟ್ ಕೊಡುತ್ತವೆ. ನಿಮ್ಮಲ್ಲಿ ಹಾಗಿದ್ದರೆ ಧೈರ್ಯವಾಗಿ ಕಷ್ಟದ ಕೋರ್ಸ್ ತೆಗೆದುಕೊಳ್ಳಬಹುದು, ಅಲ್ವಾ?

ನೀಲಿಶಾಯಿ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ. ಅಲ್ಲಿ 30 ಕ್ರೆಡಿಟ್ ತೆಗೆದುಕೊಳ್ಳಬೇಕು ಅಂತ ಬರೆದಿದ್ದಾರೆ. ನಮ್ಮಲ್ಲಿ ಸೆಮಿಸ್ಟರ್‌ಗೆ 20ರ ಹತ್ತಿರ. ಅಂದರೆ ಅಲ್ಲಿ ಓದು ಜಾಸ್ತಿಯಾ?

ಅಂಕಗಣಿತ

ಇಲ್ಲ, ಅಳತೆಗೋಲು ಬೇರೆ ಅಷ್ಟೇ. ಯುರೋಪಿನಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಪಾಠ ಕೇಳುವುದು, ಮನೆಯಲ್ಲಿ ಓದುವುದು, ಪರೀಕ್ಷೆ ಎಲ್ಲ ಸೇರಿ. ಬ್ರಿಟನ್ನಿನಲ್ಲಿ ವರ್ಷಕ್ಕೆ 120, ಅಮೆರಿಕದಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 15. ಎಲ್ಲವೂ ಒಂದೇ ಪ್ರಮಾಣದ ಓದು. ನಿಮ್ಮ ಒಂದು ಪೂರ್ತಿ ಸೆಮಿಸ್ಟರ್ ಅವರ 30ಕ್ಕೆ ಸಮ ಅಂತ ವಿಭಾಗದಿಂದ ಬರೆಸಿಕೊಳ್ಳಿ. ಒಂದಕ್ಕೊಂದು ಲೆಕ್ಕ ಹಾಕಿದರೆ ಗೊಂದಲವೇ.

ಲ್ಯಾಬ್‌ಕೋಟು

ಯಾರೂ ಕ್ಯಾಲೆಂಡರ್ ಮಾತೇ ಎತ್ತಿಲ್ಲವಲ್ಲ. ದೇಶ ಆರಿಸುವ ಮುಂಚೆ ಅದನ್ನು ನೋಡಿ.

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ. ಪರೀಕ್ಷೆ ಆಮೇಲೆ, ಕೆಲವು ಮಾರ್ಚ್‌ವರೆಗೂ ಹೋಗುತ್ತವೆ. ನಿಮ್ಮ ಮುಂದಿನ ಸೆಮಿಸ್ಟರ್ ಜನವರಿಯಲ್ಲಿ ಶುರುವಾಗುವುದಾದರೆ ಎರಡೂ ಮೈಮೇಲೆ ಬೀಳುತ್ತವೆ. ಡೆನ್ಮಾರ್ಕಿನಲ್ಲಿ ಸೆಪ್ಟೆಂಬರ್ ಶುರು, ಪರೀಕ್ಷೆ ಡಿಸೆಂಬರ್, ಜನವರಿಯಲ್ಲಿ ಮುಗಿಯುತ್ತದೆ.

ಬೇರೆಯವರಿಗೆ ಉಪಯೋಗವಾಗಲಿ ಅಂತ ಹೇಳುತ್ತೇನೆ, ಆಸ್ಟ್ರೇಲಿಯಾದಲ್ಲಿ ವರ್ಷ ಶುರುವಾಗುವುದೇ ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ. ಜಪಾನಿನಲ್ಲಿ ಏಪ್ರಿಲ್. ಅಮೆರಿಕದ ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಒಂದು ಸೆಮಿಸ್ಟರ್ ಹೋಗಿ ಬರುವವರಿಗೆ ಅಮೆರಿಕದ್ದು ಎಲ್ಲಕ್ಕಿಂತ ಅಚ್ಚುಕಟ್ಟು.

ಗಾಳಿಪಟ

ನನ್ನ ಅಭಿಪ್ರಾಯ ಬೇರೆ. ಒಂದು ಸೆಮಿಸ್ಟರ್ ಹೋಗಿ ಪ್ರಯೋಜನ ಕಡಿಮೆ. ಮೊದಲ ತಿಂಗಳು ಕಾಗದಪತ್ರ, ಕೊನೆಯ ತಿಂಗಳು ಪರೀಕ್ಷೆ. ನಡುವೆ ಉಳಿಯುವುದೆಷ್ಟು? ಭಾಷೆ ಬಾಯಿಗೆ ಬರುವ ಹೊತ್ತಿಗೆ ವಾಪಸ್ ಟಿಕೆಟ್ ಕೈಯಲ್ಲಿರುತ್ತದೆ. ಈ ಪದ್ಧತಿ ಶುರುವಾದಾಗ ಜನ ಒಂದು ವರ್ಷ ಹೋಗುತ್ತಿದ್ದರು. 1923ರಲ್ಲಿ ಡೆಲವೇರ್ ವಿವಿಯಿಂದ ಎಂಟು ವಿದ್ಯಾರ್ಥಿಗಳು ಫ್ರಾನ್ಸ್‌ಗೆ ಹೊರಟರಲ್ಲ, ಅವರು ಮೂರನೇ ವರ್ಷವನ್ನೇ ಅಲ್ಲಿ ಓದಿದರು. ಸಾಧ್ಯವಿದ್ದರೆ ಒಂದು ವರ್ಷ ಕೇಳಿ ನೋಡಿ.

ಒಂಟಿಬೆಂಚು

ಗಾಳಿಪಟ, ಭಾಷೆಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ಒಂದು ವರ್ಷ ಇದ್ದರೆ ಭಾಷೆ ಬರುತ್ತದೆ. ಆದರೆ ಒಂದು ಸೆಮಿಸ್ಟರ್‌ನಲ್ಲಿ ಪ್ರಯೋಜನ ಕಡಿಮೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನಗೆ ಡೆನ್ಮಾರ್ಕಿನ ಒಂದೇ ಪರೀಕ್ಷೆ ಓದುವ ರೀತಿಯನ್ನೇ ಬದಲಿಸಿತು.

ಅದು ಮೌಖಿಕ ಪರೀಕ್ಷೆ. ಮೇಜಿನ ಮೇಲೆ ಚೀಟಿಗಳನ್ನು ಮಗುಚಿ ಇಟ್ಟಿದ್ದರು. ಒಂದನ್ನು ಎತ್ತಿದೆ, ಅದರಲ್ಲಿ ಪ್ರಶ್ನೆ. ಎದುರಿಗೆ ಪಾಠ ಮಾಡಿದ ಮೇಷ್ಟ್ರು, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ. ಬೋರ್ಡಿನ ಮುಂದೆ ನಿಂತು ಸಮೀಕರಣ ಬರೆಯುತ್ತಾ ವಿವರಿಸಬೇಕು. ನಾನು ಪುಸ್ತಕದಲ್ಲಿದ್ದ ಹಾಗೆ ಒಪ್ಪಿಸಲು ಶುರು ಮಾಡಿದೆ. ಪರೀಕ್ಷಕಿ ಅರ್ಧದಲ್ಲಿ ನಿಲ್ಲಿಸಿ, "ಈ ಪದ ತೆಗೆದುಹಾಕಿದರೆ ಏನಾಗುತ್ತದೆ?" ಅಂದರು. ಪುಸ್ತಕದಲ್ಲಿ ಅದು ಇರಲಿಲ್ಲ. ಬೋರ್ಡು ನೋಡುತ್ತಾ ನಿಂತೆ. ಅವರು ಅವಸರ ಮಾಡಲಿಲ್ಲ. ಕೊನೆಗೆ ಯೋಚಿಸಿ ಹೇಳಿದೆ. "ಇನ್ನೂ ಸ್ವಲ್ಪ ಮುಂದೆ ಹೋಗಿ" ಅಂದರು. ಆಮೇಲೆ ನನ್ನನ್ನು ಹೊರಗೆ ಕಾರಿಡಾರಿಗೆ ಕಳಿಸಿ ಇಬ್ಬರೂ ಮಾತಾಡಿಕೊಂಡರು. ಮತ್ತೆ ಒಳಗೆ ಕರೆದು ಅಲ್ಲೇ ಅಂಕ ಹೇಳಿದರು, ಯಾಕೆ ಅಷ್ಟು ಅಂತಲೂ ಹೇಳಿದರು.

ಅವತ್ತಿನಿಂದ ಯಾವ ಸೂತ್ರ ಓದಿದರೂ "ಈ ಪದ ತೆಗೆದರೆ?" ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಇದಕ್ಕೆ ಒಂದು ವರ್ಷ ಬೇಕಾಗಲಿಲ್ಲ.

ಒಂಟಿತನದ ಬಗ್ಗೆಯೂ ಕೇಳಿದ್ದಿರಿ. 1955ರಲ್ಲಿ ಲಿಸ್ಗಾರ್ಡ್ ಅನ್ನುವ ಸಂಶೋಧಕ ಫುಲ್‌ಬ್ರೈಟ್‌ನಲ್ಲಿ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ ಕಂಡಿದ್ದನ್ನು ಪ್ರಕಟಿಸಿದ. ಆರು ತಿಂಗಳೊಳಗೆ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, 18 ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು, ನಡುವಿನವರಿಗೆ ಕಷ್ಟ ಆಗಿತ್ತು. ಅಲ್ಲಿಂದ ಶುರುವಾಗಿದ್ದು ಮೊದಲು ಖುಷಿ, ಆಮೇಲೆ ಕುಸಿತ, ಮತ್ತೆ ಏರಿಕೆ ಅನ್ನುವ ಮಾತು. ಆದರೆ 1998ರಲ್ಲಿ ಪ್ರಕಟವಾದ, ನ್ಯೂಜಿಲೆಂಡ್‌ಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಮೊದಲ ದಿನದಿಂದಲೇ ಹಿಂಬಾಲಿಸಿ ನೋಡಿದ ಅಧ್ಯಯನ ಬೇರೆಯದನ್ನೇ ಕಂಡಿತು. ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಬಂದಿಳಿದ ಹೊಸತರಲ್ಲೇ. ಆಮೇಲೆ ಕಡಿಮೆಯಾಗುತ್ತಾ ಹೋಯಿತು.

ನನಗೆ ಈ ಎರಡನೆಯದೇ ನಿಜ ಅನ್ನಿಸುತ್ತದೆ. ಹೋದ ಕೂಡಲೇ ಸಂಭ್ರಮ ಇರಬೇಕು, ಇಲ್ಲದಿದ್ದರೆ ನನ್ನಲ್ಲೇ ಏನೋ ಕೊರತೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮೊದಲ ವಾರಗಳೇ ಭಾರ. ನಿಮಗೂ ಹಾಗಾದರೆ ಗಾಬರಿಯಾಗಬೇಡಿ.

ತಿರುಗುದಾರಿ

ಜಾಸ್ತಿ ಮಾತಾಡದವರಿಗೆ ನನ್ನದೊಂದು ಸಲಹೆ ಇದೆ, ಯಾಕೆಂದರೆ ನಾನೂ ಹಾಗೇ.

ಎಕ್ಸ್‌ಚೇಂಜ್‌ಗೆ ಹೋದವರು ಎಕ್ಸ್‌ಚೇಂಜ್‌ಗೆ ಬಂದವರ ಜೊತೆಗೇ ಸೇರಿಬಿಡುತ್ತಾರೆ. ಅದು ಸುಲಭ. ಎಲ್ಲರೂ ಹೊಸಬರು, ಎಲ್ಲರಿಗೂ ಗೆಳೆಯರು ಬೇಕು. ಎರಾಸ್ಮಸ್ ಸ್ಟೂಡೆಂಟ್ ನೆಟ್‌ವರ್ಕ್ ಅಂತ 1989ರಿಂದ ಇರುವ ಸಂಘಟನೆ ಇದಕ್ಕಾಗಿಯೇ ಕಾರ್ಯಕ್ರಮ ಮಾಡುತ್ತದೆ, ಮೊದಲ ವಾರದಲ್ಲಿ ಖಂಡಿತ ಹೋಗಿ. ಆದರೆ ಅಲ್ಲೇ ನಿಂತರೆ ಆ ದೇಶದ ಒಬ್ಬರ ಪರಿಚಯವೂ ಆಗದೆ ವಾಪಸ್ ಬರುವ ಸಾಧ್ಯತೆ ಇದೆ. ಅಲ್ಲಿನವರಿಗೆ ಆಗಲೇ ಗೆಳೆಯರಿದ್ದಾರೆ. ನೀವು ಕೆಲವು ತಿಂಗಳಲ್ಲಿ ಹೊರಡುವವರು ಅಂತಲೂ ಗೊತ್ತು. ಅವರಾಗಿ ಬರುವುದಿಲ್ಲ. ಅದರಲ್ಲಿ ಅಹಂಕಾರ ಏನೂ ಇಲ್ಲ.

ಮಾತಿಗಿಂತ ಕೆಲಸ ಇರುವ ಕಡೆ ಸೇರಿಕೊಳ್ಳಿ. ಗುಂಪು ಪ್ರಾಜೆಕ್ಟ್ ಇರುವ ಒಂದು ಕೋರ್ಸ್ ತೆಗೆದುಕೊಳ್ಳಿ. ಗುಂಪು ಮಾಡುವಾಗ ಎಕ್ಸ್‌ಚೇಂಜ್ ವಿದ್ಯಾರ್ಥಿಗಳೆಲ್ಲ ಒಂದಾಗುವ ಮುಂಚೆ ಮೇಷ್ಟ್ರಿಗೆ ಹೇಳಿ ಅಲ್ಲಿನವರ ಗುಂಪಿಗೆ ಸೇರಿ. ನಾನು ವಿದ್ಯಾರ್ಥಿಗಳು ಕಾರು ಕಟ್ಟುವ ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಅಲ್ಲಿ ಮೊದಲ ದಿನ ನನ್ನ ಕೈಗೆ ಒಂದು ಸ್ಪ್ಯಾನರ್ ಕೊಟ್ಟು, "ಈ ಬೋಲ್ಟ್‌ಗಳನ್ನೆಲ್ಲ ಒಂದೇ ಬಿಗಿಗೆ ತನ್ನಿ" ಅಂದರು. ಮಾತು ಆಮೇಲೆ ತಾನಾಗಿ ಬಂತು. ಮೆಕ್ಯಾನಿಕಲ್ ಅಂತೀರಿ, ನಿಮಗಂತೂ ಇದು ಹೇಳಿ ಮಾಡಿಸಿದ ಜಾಗ.

ಕಡತಮಿತ್ರ

ವೀಸಾ ಬಗ್ಗೆ ಚಿಕ್ಕದಾಗಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆಯಾ ದೇಶದ ಸರ್ಕಾರಿ ಪುಟವನ್ನೇ ನೋಡಿ. ಆದರೆ ಎಲ್ಲೆಡೆ ಕ್ರಮ ಒಂದೇ. ನಿಮ್ಮ ವಿವಿ ನಾಮಿನೇಟ್ ಮಾಡುತ್ತದೆ, ನೀವು ಅಲ್ಲಿಗೆ ಅರ್ಜಿ ಹಾಕುತ್ತೀರಿ, ಅಲ್ಲಿಂದ ಪ್ರವೇಶ ಪತ್ರ ಬರುತ್ತದೆ. ಅದು ಕೈಗೆ ಬಂದ ಮೇಲೆ ವೀಸಾ. ಆ ಪತ್ರ ಬಂದ ದಿನವೇ ಅರ್ಜಿಗೆ ಕೂತುಕೊಳ್ಳಿ.

ಅಮೆರಿಕಕ್ಕೆ ಹೋಗುವವರಿಗೆ ಜೆ-1 ವೀಸಾ, ಅದಕ್ಕೆ ಡಿಎಸ್-2019 ಅನ್ನುವ ಫಾರಂ ಅಲ್ಲಿನ ವಿವಿಯೇ ಕಳಿಸಬೇಕು. ಕಾರ್ಯಕ್ರಮ ಶುರುವಾಗುವ 30 ದಿನಕ್ಕಿಂತ ಮುಂಚೆ ದೇಶದೊಳಗೆ ಬಿಡುವುದಿಲ್ಲ. ಸರ್ಕಾರದ ಹಣದಲ್ಲಿ ಹೋದವರು ಓದು ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶದಲ್ಲಿ ಇರಬೇಕೆನ್ನುವ ನಿಯಮವೂ ಇದೆ. ನಿಮಗೆ ಅನ್ವಯಿಸುತ್ತದಾ ಅಂತ ಫಾರಂನಲ್ಲೂ ವೀಸಾದ ಮೇಲೂ ನೋಡಿ. ಜಪಾನಿಗೆ ಮೊದಲು ಅರ್ಹತಾ ಪ್ರಮಾಣಪತ್ರ ಬರಬೇಕು, ಆಮೇಲೆ ವೀಸಾ.

ಜರ್ಮನಿ ಆರಿಸಿದರೆ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಮನೆ ಮಾಲೀಕರ ಸಹಿ ಇರುವ ಪತ್ರ ಇಲ್ಲದೆ ಅದು ಆಗುವುದಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಕೋಣೆ ಹುಡುಕುವಾಗ "ನೋಂದಣಿಗೆ ಪತ್ರ ಕೊಡುತ್ತೀರಾ?" ಅಂತ ಮೊದಲೇ ಕೇಳಿ. ಕೊಡುವುದಿಲ್ಲ ಅಂದರೆ ಆ ಕೋಣೆ ಬೇಡ. ನೋಡದ ಕೋಣೆಗೆ ಮುಂಗಡ ಕಳಿಸುವುದಂತೂ ಬೇಡವೇ ಬೇಡ. ವಿದ್ಯಾರ್ಥಿ ವಸತಿಗೆ ಕಾಯುವ ಪಟ್ಟಿ ಉದ್ದ ಇರುತ್ತದೆ, ಪ್ರವೇಶ ಪತ್ರಕ್ಕೂ ಕಾಯದೆ ಹೆಸರು ಬರೆಸಲು ಬಿಟ್ಟರೆ ಬರೆಸಿಬಿಡಿ.

ಮೂರನೇಮಹಡಿ

ವಾಪಸ್ ಬಂದ ಮೇಲಿನದ್ದನ್ನೂ ಹೇಳಿಬಿಡುತ್ತೇನೆ. ಬಂದ ಮೇಲೂ ಒಂದು ಕುಸಿತ ಇರುತ್ತದೆ. 1963ರಲ್ಲೇ ಗುಲ್ಲಾಹಾರ್ನ್ ದಂಪತಿ ಇದರ ಬಗ್ಗೆ ಬರೆದಿದ್ದಾರೆ. ಎಲ್ಲರೂ "ಹೇಗಿತ್ತು?" ಅಂತ ಕೇಳುತ್ತಾರೆ, ನೀವು ಉತ್ತರ ಶುರು ಮಾಡುವಷ್ಟರಲ್ಲಿ ಮಾತು ಬೇರೆಡೆ ಹೋಗಿರುತ್ತದೆ. ನನಗೆ ಅದು ಅಲ್ಲಿನ ಮೊದಲ ವಾರಕ್ಕಿಂತ ಕಷ್ಟವಾಯಿತು. ನಮ್ಮ ವಿವಿಗೆ ಎಕ್ಸ್‌ಚೇಂಜ್‌ನಲ್ಲಿ ಬಂದಿದ್ದ ಹೊರಗಿನ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಲು ಶುರು ಮಾಡಿದ ಮೇಲೆ ಮನಸ್ಸು ಹಗುರಾಯಿತು. ಅವರಿಗೂ ಯಾರಾದರೂ ಬೇಕಿತ್ತು.

ಗಾಳಿಪಟ

ಒಂಟಿಬೆಂಚು, ಆ ಪರೀಕ್ಷೆಯ ಕತೆ ಓದಿ ನನ್ನ ಮಾತು ಸ್ವಲ್ಪ ಸಡಿಲಿಸುತ್ತೇನೆ. ಕೋರ್ಸ್ ನೋಡಿ ಆರಿಸಿಕೊಂಡು ಹೋದರೆ ಒಂದು ಸೆಮಿಸ್ಟರ್ ಸಾಕು. ಭಾಷೆ ಕಲಿಯುವ ಆಸೆ ಇದ್ದರೆ ಮಾತ್ರ ವರ್ಷ ಕೇಳಿ.

ನೀಲಿಶಾಯಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಇವತ್ತು ಮತ್ತೆ ವಿಭಾಗಕ್ಕೆ ಹೋದೆ. ಈ ಸಲ ಡೆನ್ಮಾರ್ಕಿನ ಕೋರ್ಸ್‌ಗಳ ಸಿಲೆಬಸ್ ಪ್ರಿಂಟ್ ತೆಗೆದುಕೊಂಡು, ಪಕ್ಕದಲ್ಲಿ ನಮ್ಮ ವಿಷಯಗಳನ್ನು ಬರೆದುಕೊಂಡು ಹೋಗಿದ್ದೆ. ಮೇಷ್ಟ್ರು ಕೂರಿಸಿ ಒಂದೊಂದೇ ನೋಡಿದರು. ಹೀಟ್ ಟ್ರಾನ್ಸ್‌ಫರ್, ಕಂಟ್ರೋಲ್ ಎರಡಕ್ಕೂ ಒಪ್ಪಿದರು. ಎಲೆಕ್ಟಿವ್‌ಗೆ ವಿಂಡ್ ಟರ್ಬೈನ್ ಕೋರ್ಸ್ ಒಪ್ಪಿದರು. ಕ್ಯಾಲೆಂಡರ್ ನೋಡಿ ಡೆನ್ಮಾರ್ಕ್ ಅಂತಲೇ ತೀರ್ಮಾನಿಸಿದೆ. ಜನವರಿಯಲ್ಲಿ ಕೆಲವು ದಿನ ತಡವಾಗಿ ಬರಲು ಅನುಮತಿ ಕೊಡುತ್ತಾರಂತೆ, ಅದನ್ನೂ ಬರೆದುಕೊಡಿ ಅಂತ ಕೇಳಿದ್ದೇನೆ.

ಒಂದೇ ತೊಡಕು ಉಳಿದಿದೆ. ನಮ್ಮಲ್ಲಿ ಕಡ್ಡಾಯವಾಗಿರುವ ಮೆಷಿನ್ ಡಿಸೈನ್‌ಗೆ ಹೊಂದುವ ಕೋರ್ಸ್ ಅಲ್ಲಿ ಆ ಸೆಮಿಸ್ಟರ್‌ನಲ್ಲಿ ಇಲ್ಲ. ಇದಕ್ಕೆ ಏನು ಮಾಡುವುದು?

ಕಡತಮಿತ್ರ

ಇದು ಸಾಮಾನ್ಯ, ಬಗೆಹರಿಯುತ್ತದೆ. ಕಡ್ಡಾಯ ವಿಷಯಕ್ಕೆ ಬಲವಂತವಾಗಿ ಯಾವುದನ್ನೋ ಹೊಂದಿಸಬೇಡಿ, ಅಲ್ಲೇ ಆಮೇಲೆ ತಕರಾರು ಬರುವುದು. ಅದನ್ನು ವಾಪಸ್ ಬಂದ ಮೇಲೆ ಅಂತಿಮ ವರ್ಷದವರಾಗಿ ಕಿರಿಯರ ಜೊತೆ ಮುಗಿಸಲು ಅನುಮತಿ ಕೇಳಿ. ಅದರ ಬದಲಿಗೆ ಅಂತಿಮ ವರ್ಷದ ಒಂದು ಎಲೆಕ್ಟಿವ್ ಅನ್ನು ಅಲ್ಲೇ ಓದಿ ಮುಗಿಸಿಕೊಳ್ಳಿ. ಒಟ್ಟು ಲೆಕ್ಕ ಸರಿಹೋಗುತ್ತದೆ, ವರ್ಷವೂ ಉಳಿಯುತ್ತದೆ. ಸಮಯ ಪಟ್ಟಿಯಲ್ಲಿ ಎರಡು ತರಗತಿ ಒಂದೇ ಹೊತ್ತಿಗೆ ಬರದ ಹಾಗೆ ವಿಭಾಗದವರಿಗೆ ಈಗಲೇ ಹೇಳಿಡಿ.

ಇನ್ನೊಂದು, ಅಗ್ರಿಮೆಂಟ್‌ಗೆ ಸಹಿ ಹಾಕಿಸುವಾಗ ಬೇಕಾದ್ದಕ್ಕಿಂತ ಎರಡು ಕೋರ್ಸ್ ಹೆಚ್ಚಾಗಿ ತೋರಿಸಿ ಒಪ್ಪಿಗೆ ಪಡೆಯಿರಿ. ಅಲ್ಲಿ ಹೋದ ಮೇಲೆ ಒಂದು ಕೋರ್ಸ್ ರದ್ದಾಗಬಹುದು, ಸೀಟು ತುಂಬಿರಬಹುದು, ಎರಡು ಪಾಠ ಒಂದೇ ಹೊತ್ತಿಗೆ ಬರಬಹುದು. ಆಗ ಬದಲಾವಣೆಯ ಭಾಗದಲ್ಲಿ ಬರೆದು ಮತ್ತೆ ಮೂವರ ಸಹಿ ಬೇಕು, ಸೆಮಿಸ್ಟರ್ ಶುರುವಾದ ಮೊದಲ ವಾರಗಳಲ್ಲೇ. ಮೇಷ್ಟ್ರು ಆಗಲೇ ಒಪ್ಪಿದ ಕೋರ್ಸ್ ಆಗಿದ್ದರೆ ಒಂದು ಈಮೇಲ್‌ನಲ್ಲಿ ಕೆಲಸ ಮುಗಿಯುತ್ತದೆ.

ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಕಳಿಸಲು ಎರಾಸ್ಮಸ್ ನಿಯಮದಲ್ಲಿ ಸಾಮಾನ್ಯವಾಗಿ ಐದು ವಾರ ಅಂತಿದೆ. ನಿಮ್ಮದು ಬೇರೆ ಒಪ್ಪಂದ ಆಗಿದ್ದರೆ ಎಷ್ಟು ವಾರ ಅಂತ ಅಲ್ಲಿನ ಕಚೇರಿಯಲ್ಲಿ ಕೇಳಿಕೊಳ್ಳಿ, ಯಾರ ವಿಳಾಸಕ್ಕೆ ಹೋಗುತ್ತದೆ ಅಂತಲೂ. ನಿಮ್ಮ ವಿಭಾಗಕ್ಕೆ, ನಿಮಗೆ, ಇಬ್ಬರಿಗೂ ಬರಬೇಕು.

ನೀಲಿಶಾಯಿ

ಎರಡು ಹೆಚ್ಚುವರಿ ಕೋರ್ಸ್ ಹುಡುಕಿದೆ, ವೈಬ್ರೇಷನ್ ಮತ್ತು ಮೆಟೀರಿಯಲ್ಸ್. ಸೋಮವಾರ ಬೆಳಿಗ್ಗೆ ಮೇಷ್ಟ್ರು ಬರಹೇಳಿದ್ದಾರೆ, ಪಟ್ಟಿಗೆ ಇವನ್ನೂ ಸೇರಿಸಿ ಒಯ್ಯುತ್ತೇನೆ. ಸಹಿ ಆದ ಕೂಡಲೇ ಇಲ್ಲಿ ತಿಳಿಸುತ್ತೇನೆ. ತಿರುಗುದಾರಿ, ಆ ವಿವಿಯಲ್ಲೂ ಕಾರು ಕಟ್ಟುವ ತಂಡ ಇದೆ, ನೋಡಿದೆ. ಹೊಸಬರನ್ನು ಸೆಪ್ಟೆಂಬರ್ ಮೊದಲ ವಾರದಲ್ಲೇ ಸೇರಿಸಿಕೊಳ್ಳುತ್ತಾರಂತೆ.